ಬಣ್ಣ ಆಮೇಲೆ, ಮೊದಲು ಅಂಚು ನೋಡಿ

ಹವಳದ ಅಕ್ವೇರಿಯಂ ಇಟ್ಟುಕೊಂಡವರಿಗೆಲ್ಲ ಇವತ್ತಲ್ಲ ನಾಳೆ ಎದುರಾಗುವ ಪ್ರಶ್ನೆಯೊಂದಿದೆ. ಕಲ್ಲಿನ ಮೇಲೆ ಹಕ್ಕಳೆಗಟ್ಟಿದಂತೆ ಏನೋ ಹಬ್ಬುತ್ತಿದೆ, ಇದೇನು? ನಾವಾಗಿ ತಂದು ಇಟ್ಟದ್ದಲ್ಲ. ಲೈವ್ ರಾಕ್ (ಜೀವಿಗಳು ನೆಲೆಸಿರುವ ಕಡಲಕಲ್ಲು) ಜೊತೆಗೋ ಹವಳದ ತುಂಡಿನ ಬುಡಕ್ಕೆ ಅಂಟಿಕೊಂಡೋ ಬಂದಿರುತ್ತದೆ. ಬಂದಾಗ ಕಣ್ಣಿಗೇ ಬಿದ್ದಿರುವುದಿಲ್ಲ. ಆರು ತಿಂಗಳ ಮೇಲೆ ನೋಡಿದರೆ ಅಂಗೈಯಗಲ ಆಗಿರುತ್ತದೆ. ಆಗ ಹುಟ್ಟುವ ಪ್ರಶ್ನೆ ನಿಜವಾಗಿ ಒಂದಲ್ಲ, ಎರಡು. ಇದರ ಹೆಸರೇನು ಎಂಬುದು ಒಂದು, ಇದನ್ನು ಇರಲು ಬಿಡಲೋ ತೆಗೆದುಹಾಕಲೋ ಎಂಬುದು ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡಲ್ಲೇ ಅರ್ಧ ಗೊಂದಲ ಶುರುವಾಗುತ್ತದೆ.

ಯಾರನ್ನಾದರೂ ಕೇಳಿದರೆ ಮೊದಲು ಬರುವ ಮರುಪ್ರಶ್ನೆ ಬಣ್ಣದ್ದು. ನೇರಳೆಯಾ? ಹಾಗಾದರೆ ಕೋರಲೈನ್ ಪಾಚಿ. ಕಿತ್ತಳೆಯಾ? ಸ್ಪಂಜು. ನನಗೆ ಈ ಪದ್ಧತಿಯ ಮೇಲೆ ಕಿಂಚಿತ್ತೂ ನಂಬಿಕೆಯಿಲ್ಲ. ನೇರಳೆ ಬಣ್ಣದ ಕೋರಲೈನ್ ಪಾಚಿ ಇದೆ, ನೇರಳೆ ಸ್ಪಂಜು ಇದೆ, ನೇರಳೆ ಟ್ಯೂನಿಕೇಟ್ (ನೀರು ಸೋಸಿ ತಿನ್ನುವ ಮೆತ್ತನೆಯ ಕಡಲಪ್ರಾಣಿ) ಇದೆ, ಕಲ್ಲಿಗೆ ಅಂಟಿಕೊಂಡು ಹಬ್ಬುವ ನೇರಳೆ ಮಾಂಟಿಪೋರಾ ಹವಳವೂ ಇದೆ. ನಾಲ್ಕೂ ಒಂದೇ ಕಲ್ಲಿನ ಮೇಲೆ ಇರಬಹುದು. ಸಾಲದ್ದಕ್ಕೆ ಹವಳದ ತೊಟ್ಟಿಗಳ ಮೇಲೆ ಉರಿಯುವುದು ನೀಲಿ ಎಲ್‌ಇಡಿ. ಆ ಬೆಳಕಿನಲ್ಲಿ ಕೆಂಪು ಬಣ್ಣದ್ದು ಕಪ್ಪಾಗಿ ಕಾಣುತ್ತದೆ, ಸಪ್ಪೆ ಕಂದು ಹವಳ ಹಸಿರಾಗಿ ಹೊಳೆಯುತ್ತದೆ. ಬಿಳಿ ಬೆಳಕು ಹಾಕದೆ ಬಣ್ಣದ ಮಾತೆತ್ತುವುದೇ ವ್ಯರ್ಥ. ಹಾಕಿದ ಮೇಲೂ ಅದನ್ನು ಕೊನೆಯ ಸಾಕ್ಷಿಯಾಗಿ ಕರೆಯಬೇಕೇ ಹೊರತು ಮೊದಲನೆಯದಾಗಿ ಅಲ್ಲ.

ಬಣ್ಣ ಇಷ್ಟು ಮೋಸ ಮಾಡುವುದಕ್ಕೆ ಕಾರಣವಿದೆ. ಹಕ್ಕಳೆಯಾಗಿ ಬೆಳೆಯುವುದು ಒಂದು ಕುಲದ ಲಕ್ಷಣವಲ್ಲ, ಅದೊಂದು ಬದುಕುವ ರೀತಿ. ಹವಳದ ದಿಬ್ಬದಲ್ಲಿ ನೀರಿಗೆ ಕೊರತೆಯಿಲ್ಲ, ಗಟ್ಟಿಯಾಗಿ ಕಚ್ಚಿಕೊಳ್ಳಲು ಜಾಗಕ್ಕೆ ಕೊರತೆ. ಸಿಕ್ಕ ಜಾಗದ ಮೇಲೆ ತೆಳ್ಳಗೆ ಹಾಸಿಕೊಂಡು ಅಕ್ಕಪಕ್ಕಕ್ಕೆ ಸರಿಯುವುದು ಎಲ್ಲರಿಗೂ ಲಾಭ. ಹಾಗಾಗಿ ಪಾಚಿ, ಸ್ಪಂಜು, ಹವಳ, ಬ್ರಯೋಜೋವನ್ (ಪುಟ್ಟ ಕೋಣೆಗಳಲ್ಲಿ ಗುಂಪಾಗಿ ಬಾಳುವ ಪ್ರಾಣಿ), ಟ್ಯೂನಿಕೇಟ್, ಕೊನೆಗೆ ಒಂದೇ ಜೀವಕೋಶದ ಫೊರಾಮಿನಿಫೆರಾ ಕೂಡ ಬೇರೆಬೇರೆ ದಾರಿಯಿಂದ ಬಂದು ಇದೇ ಆಕಾರಕ್ಕೆ ಮುಟ್ಟಿವೆ. ಇವುಗಳ ನಡುವಿನ ದೂರ ಎಷ್ಟೆಂದರೆ ಟ್ಯೂನಿಕೇಟ್ ಸ್ಪಂಜಿಗಿಂತ ನಮಗೆ ಹತ್ತಿರದ ಬಂಧು. ಅದರ ಮರಿಗೆ ಗೊದಮೊಟ್ಟೆಯಂಥ ಬಾಲವೂ ಬೆನ್ನುಹುರಿಯಂಥ ರಚನೆಯೂ ಇರುತ್ತವೆ ಎಂಬುದನ್ನು ರಷ್ಯದ ಪ್ರಾಣಿಶಾಸ್ತ್ರಜ್ಞ ಕೊವಲೇವ್‌ಸ್ಕಿ 1866ರಲ್ಲೇ ತೋರಿಸಿದ್ದರು. ಆ ಮರಿ ಒಂದು ಕಡೆ ಕಚ್ಚಿಕೊಂಡು ಬಾಲ ಕರಗಿಸಿಕೊಂಡ ಮೇಲೆ ಪಕ್ಕದ ಸ್ಪಂಜಿಗೂ ಇದಕ್ಕೂ ದೂರದಿಂದ ವ್ಯತ್ಯಾಸವೇ ತಿಳಿಯುವುದಿಲ್ಲ.

ಹಾಗಾದರೆ ಎಲ್ಲಿ ನೋಡಬೇಕು? ನಾನು ಮೊದಲು ನೋಡುವುದು ಅಂಚನ್ನು. ಹಕ್ಕಳೆಯ ನಡುಭಾಗ ಹಳೆಯದು, ಅದರ ಮೇಲೆ ಬೇರೆಯವು ಬಂದು ಕೂತಿರುತ್ತವೆ. ಬೆಳವಣಿಗೆ ನಡೆಯುವುದು ಅಂಚಿನಲ್ಲಿ. ಅದು ಕಲ್ಲಿಗೆ ಬಣ್ಣ ಬಳಿದಷ್ಟು ತೆಳುವೋ, ದುಂಡಗೆ ಉಬ್ಬಿದೆಯೋ, ತಟ್ಟೆಯಂತೆ ಮೇಲೆದ್ದಿದೆಯೋ, ಪಕ್ಕದವನ ಮೇಲೆ ಹತ್ತುತ್ತಿದೆಯೋ ಇಲ್ಲ ಅವನೆದುರು ನಿಂತುಬಿಟ್ಟಿದೆಯೋ ಎಂಬುದರಲ್ಲೇ ಬಹುಪಾಲು ವಿಷಯ ಇದೆ. ಹತ್ತು ಪಟ್ಟು ಹಿಗ್ಗಿಸುವ ಒಂದು ಭೂತಗನ್ನಡಿ, ಬಿಳಿ ಟಾರ್ಚು, ನೀರಿನ ಓಟ ನಿಲ್ಲಿಸಲು ಪಂಪಿನ ಸ್ವಿಚ್ಚು ಇದ್ದರೆ ಶುರು ಮಾಡಲು ಸಾಕು.

ಕೋರಲೈನ್ ಪಾಚಿಯಿಂದಲೇ ಹೊರಡೋಣ, ಏಕೆಂದರೆ ತೊಟ್ಟಿಯಲ್ಲಿ ಅತಿ ಹೆಚ್ಚು ಇರುವುದು ಅದೇ. ಇದು ಕೆಂಪು ಪಾಚಿಗಳ ಗುಂಪಿನದು. ಜೀವಕೋಶಗಳ ಗೋಡೆಯಲ್ಲೇ ಕ್ಯಾಲ್ಸೈಟ್ ತುಂಬಿಕೊಳ್ಳುವುದರಿಂದ ಕಲ್ಲಿನಷ್ಟೇ ಗಟ್ಟಿ. ಇದನ್ನು ಬಹುಕಾಲ ಹವಳದ ಸಂಬಂಧಿ ಎಂದೇ ಎಣಿಸಿದ್ದರು. ಲಿನ್ನೇಯಸ್‌ನಂಥವನೂ ಪ್ರಾಣಿಗಳ ಸಾಲಿಗೆ ಸೇರಿಸಿದ್ದ. ಗಟ್ಟಿ ಹಕ್ಕಳೆಯ ಇಂಥ ಪಾಚಿಗಳನ್ನು ಸಸ್ಯಗಳೆಂದು ಬೇರ್ಪಡಿಸಿ ಲಿಥೋಫಿಲ್ಲಮ್ ಮುಂತಾದ ಹೆಸರು ಕೊಟ್ಟವರು ಜರ್ಮನ್ ನಿಸರ್ಗಶಾಸ್ತ್ರಜ್ಞ ಫಿಲಿಪ್ಪಿ, 1837ರಲ್ಲಿ. ಈಗ ನಾವು ತೊಟ್ಟಿಯ ಮುಂದೆ ಕೂತು ತಡಕಾಡುವುದರಲ್ಲಿ ಅವಮಾನವೇನೂ ಇಲ್ಲ ಅನ್ನುವುದಕ್ಕೆ ಇಷ್ಟು ಹೇಳಿದೆ.

ಭೂತಗನ್ನಡಿಯಲ್ಲಿ ಕೋರಲೈನ್‌ನ ಅಂಚು ಮಸುಕು ಬಿಳಿ ಗೆರೆಯಾಗಿ ಕಾಣುತ್ತದೆ, ಕಲ್ಲಿಗೆ ಪೂರ್ತಿ ಅಂಟಿಕೊಂಡಿರುತ್ತದೆ. ಮೇಲ್ಮೈಯಲ್ಲಿ ಅಲ್ಲಲ್ಲಿ ಸೂಜಿಮೊನೆಯಷ್ಟು ಸಣ್ಣ ಉಬ್ಬುಗಳಿರುತ್ತವೆ, ಕೆಲವದರ ನೆತ್ತಿಯಲ್ಲಿ ಒಂದು ತೂತು. ಅವು ಸಂತಾನೋತ್ಪತ್ತಿಯ ಕೋಣೆಗಳು. ಆ ಉಬ್ಬು ಕಂಡರೆ ನನ್ನ ಮಟ್ಟಿಗೆ ಅನುಮಾನ ಅರ್ಧ ಕಳೆಯಿತು. ಉಗುರಿನಿಂದ ಒತ್ತಿದರೆ ಬಗ್ಗುವುದಿಲ್ಲ. ಸತ್ತರೆ ಬಿಳಿಚಿಕೊಂಡು, ಕೆಲವು ದಿನಗಳಲ್ಲಿ ಹಸಿರು ಪಾಚಿ ಹಿಡಿಯುತ್ತದೆ. ತೊಟ್ಟಿಯ ನೀರಿನಲ್ಲಿ ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಕ್ಷಾರತೆ 8–9 ಡಿಕೆಎಚ್ (ಕ್ಷಾರತೆಯ ಅಳತೆಮಾನ) ಆಸುಪಾಸಿನಲ್ಲಿ ನಿಂತಿದ್ದರೆ ತಾನಾಗಿ ಹಬ್ಬುತ್ತದೆ. ಕ್ಷಾರತೆ ಏರಿಳಿದರೆ ಮೊದಲು ಮುಖ ಬಾಡಿಸಿಕೊಳ್ಳುವುದೂ ಇದೇ. ಬೆಳಕು ಕಡಿಮೆಯಾದರೂ ಹೊಂದಿಕೊಳ್ಳುವುದರಲ್ಲಿ ಇದನ್ನು ಮೀರಿಸಿದ್ದು ಅಪರೂಪ. 1984ರಲ್ಲಿ ಬಹಾಮಾಸ್ ಬಳಿ 268 ಮೀಟರ್ ಆಳದಲ್ಲಿ, ಮೇಲಿನ ಬೆಳಕಿನ ಲೇಶಮಾತ್ರ ತಲುಪುವಲ್ಲಿ, ಇದೇ ಬಗೆಯ ಹಕ್ಕಳೆ ಜೀವಂತವಾಗಿ ಸಿಕ್ಕಿತ್ತು. ಹಾಗಾಗಿ ‘ಕತ್ತಲಲ್ಲಿದೆ, ಆದ್ದರಿಂದ ಪಾಚಿಯಲ್ಲ’ ಎಂಬ ವಾದವನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಇನ್ನು ವಿನೆಗರ್ ಪರೀಕ್ಷೆ. ಒಂದು ಚೂರು ಎಬ್ಬಿಸಿ ವಿನೆಗರ್‌ಗೆ ಹಾಕಿ, ಗುಳ್ಳೆ ಬಂದರೆ ಸುಣ್ಣದ ಅಂಶ ಇದೆ ಎಂದರ್ಥ. ಸರಿ, ಆದರೆ ಕಲ್ಲಿನಿಂದ ಎಬ್ಬಿಸಿದ ಚೂರಿಗೆ ಕಲ್ಲೂ ಅಂಟಿಕೊಂಡು ಬಂದಿರುತ್ತದೆ, ಕಲ್ಲೂ ಸುಣ್ಣವೇ, ಅದೂ ಗುಳ್ಳೆ ಬಿಡುತ್ತದೆ. ಅದಕ್ಕೇ ಅದೇ ಹಕ್ಕಳೆ ಗಾಜಿನ ಮೇಲೋ ಪಂಪಿನ ಪ್ಲಾಸ್ಟಿಕ್ ಮೇಲೋ ಬಂದಿದೆಯಾ ಎಂದು ಹುಡುಕಬೇಕು. ಅಲ್ಲಿಂದ ತೆಗೆದ ಚೂರು ಮಾತ್ರ ನಂಬಿಕೆಗೆ ಅರ್ಹ.

ಕೋರಲೈನ್ ಎಂದುಕೊಂಡು ಜನ ಸಾಕಿಕೊಳ್ಳುವ ಇನ್ನೊಂದು ಕೆಂಪು ಪಾಚಿ ಇದೆ, ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಅದು. ಪೇಸೊನೇಲಿಯಾ, ರಾಮಿಕ್ರಸ್ಟಾ ಮುಂತಾದವುಗಳ ಬಳಗ. ಬಣ್ಣ ಗಾಢ, ಕೆಂಪು-ಕಂದು ಕಲಸಿದಂತೆ. ದೂರದಿಂದ ನೋಡಿದರೆ ‘ಆಹಾ, ಎಷ್ಟು ಚೆಂದದ ಕೋರಲೈನ್’ ಎನ್ನಿಸುತ್ತದೆ. ಅಂಚಿಗೆ ಬನ್ನಿ. ಕೋರಲೈನ್ ಕಲ್ಲಿಗೆ ಅಂಟಿದ್ದರೆ ಇವುಗಳಲ್ಲಿ ಅನೇಕದರ ಅಂಚು ಬಿಡಿಯಾಗಿ, ತಟ್ಟೆಯ ಬಾಯಿಯಂತೆ ಎದ್ದಿರುತ್ತದೆ. ಚಿಮಟದ ತುದಿ ಕೆಳಗೆ ತೂರಿಸಿದರೆ ಹಾಳೆಯಾಗಿ ಏಳುತ್ತದೆ, ಅಡಿಭಾಗದಲ್ಲಿ ಬಿಳಿ ಸುಣ್ಣದ ಪದರ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯ ಸಂಗತಿ, ಇವು ಜೀವಂತ ಹವಳದ ಎದುರು ನಿಲ್ಲುವುದಿಲ್ಲ, ಹತ್ತಿಕೊಂಡು ಹೋಗುತ್ತವೆ. ರಾಮಿಕ್ರಸ್ಟಾ ಟೆಕ್ಸ್‌ಟೈಲಿಸ್ ಎಂಬ ಪ್ರಭೇದವನ್ನು 2009ರಲ್ಲಿ ಜಮೈಕಾದಿಂದ ವಿವರಿಸಿದಾಗಲೇ ಅದು ಹವಳವನ್ನು ಮುಚ್ಚಿ ಬೆಳೆಯುವುದನ್ನು ದಾಖಲಿಸಿದ್ದರು. ಆಮೇಲೆ ಕೆರಿಬಿಯನ್ನಿನ ಬೇರೆ ದ್ವೀಪಗಳ ದಿಬ್ಬಗಳಲ್ಲೂ ಈ ಬಳಗ ದೊಡ್ಡ ತಲೆನೋವಾಗಿದೆ. ಆದ್ದರಿಂದ ಹಕ್ಕಳೆ ಹವಳದ ಬುಡಕ್ಕೆ ಬಂದಾಗ ಏನು ಮಾಡುತ್ತದೆ ಎನ್ನುವುದು ಅದರ ಲ್ಯಾಟಿನ್ ಹೆಸರಿಗಿಂತ ನನಗೆ ದೊಡ್ಡ ಮಾಹಿತಿ.

ಗಟ್ಟಿಯಲ್ಲದ ಹಕ್ಕಳೆಗಳ ವಿಷಯಕ್ಕೆ ಬಂದರೆ ಅಂಚಿನ ಜೊತೆ ಇನ್ನೊಂದು ಪ್ರಶ್ನೆ ಸೇರಿಕೊಳ್ಳುತ್ತದೆ. ಮುಟ್ಟಿದರೆ ಎಷ್ಟು ಹೊತ್ತಿನಲ್ಲಿ ಮಿಸುಕುತ್ತದೆ? ಮೊಂಡು ತುದಿಯ ಪ್ಲಾಸ್ಟಿಕ್ ಕಡ್ಡಿಯಿಂದ ಮೆಲ್ಲಗೆ ತಾಗಿಸಿ ನೋಡಿ. ಟ್ಯೂನಿಕೇಟ್ ಆದರೆ ಮೇಲ್ಮೈಯ ತೂತುಗಳು ಕಣ್ಣು ಮಿಟುಕಿಸಿದಷ್ಟು ಬೇಗ ಮುಚ್ಚಿಕೊಳ್ಳುತ್ತವೆ. ಸ್ನಾಯು ಇದೆ, ನರ ಇದೆ. ಸ್ಪಂಜಿಗೆ ಎರಡೂ ಇಲ್ಲ. ಅದರ ತೂತು ಕುಗ್ಗುವುದೇ ಆದರೆ ನಿಮಿಷಗಳು ಹಿಡಿಯುತ್ತವೆ, ನೋಡುತ್ತಾ ಕೂತವರಿಗೆ ಏನೂ ಆಗಲಿಲ್ಲವೆಂದೇ ಅನ್ನಿಸುತ್ತದೆ. ಹವಳದ ಪಾಲಿಪ್‌ಗಳು, ಅಂದರೆ ಹವಳ ಕಟ್ಟುವ ಪುಟ್ಟ ಜೀವಿಗಳು, ತಕ್ಷಣ ಒಳಸರಿದು ಸುಣ್ಣದ ಬಟ್ಟಲುಗಳು ಎದ್ದು ಕಾಣುತ್ತವೆ. ಪಾಚಿ ಅಲ್ಲಾಡುವುದಿಲ್ಲ.

ನನ್ನ ತೊಟ್ಟಿಯ ಹಿಂಬದಿ ಗಾಜಿನ ಮೂಲೆಯಲ್ಲಿ, ಪಂಪಿನ ನೆರಳಲ್ಲಿ, ಬೂದು-ಹಳದಿಯ ಒಂದು ತೆಳು ಹಾಸು ಇದೆ. ಗಾಜಿನ ಮೇಲೆ ಬೆಳೆದ ಹಕ್ಕಳೆಯಲ್ಲಿ ಒಂದು ಅನುಕೂಲ: ಹೊರಗಿನಿಂದ ಅದರ ಹೊಟ್ಟೆಯನ್ನು ನೋಡಬಹುದು. ಕಲ್ಲಿನ ಮೇಲಿದ್ದರೆ ಬೆನ್ನು ಮಾತ್ರ. ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯನ್ನು ಗಾಜಿಗೆ ಒತ್ತಿ ನೋಡಿದರೆ ಒಳಗೆ ಕಾಲುವೆಗಳು. ಅಂಚಿನಲ್ಲಿ ಕೂದಲೆಳೆಯಷ್ಟು, ಒಳಗೆ ಬರುತ್ತಾ ಒಂದಕ್ಕೊಂದು ಕೂಡಿ ದಪ್ಪವಾಗಿ, ಕೊನೆಗೆ ಒಂದು ದೊಡ್ಡ ತೂತಿನ ಕೆಳಗೆ ಬಂದು ಸೇರುತ್ತವೆ. ಪಂಪು ನಿಲ್ಲಿಸಿ, ಹವಳಕ್ಕೆ ಹಾಕುವ ಆಹಾರದ ಪುಡಿಯನ್ನು ನೀರಲ್ಲಿ ಕದಡಿ ಪಿಪೆಟ್ಟಿನಿಂದ ಒಂದು ಹನಿ ಹತ್ತಿರ ಬಿಟ್ಟಾಗ, ಹಾಸಿನ ಮೇಲೆ ತೇಲಿ ಬಂದ ಕಣಗಳು ದೊಡ್ಡ ತೂತಿನ ಎದುರಿಗೆ ಬಂದೊಡನೆ ಹೊರಕ್ಕೆ ಚಿಮ್ಮಿದವು. ಒಳಗೆ ಹೋಗುವ ತೂತುಗಳು ಕಾಣಲಿಲ್ಲ, ಹೊರಬರುವ ಧಾರೆ ಮಾತ್ರ ಸ್ಪಷ್ಟ. ಪ್ರಾಣಿಶಾಸ್ತ್ರಜ್ಞ ರಾಬರ್ಟ್ ಗ್ರಾಂಟ್ 1825ರಲ್ಲಿ ಎಡಿನ್‌ಬರೋದಲ್ಲಿ ಸೂಕ್ಷ್ಮದರ್ಶಕದಡಿ ಸ್ಪಂಜಿಟ್ಟು ನೋಡಿದಾಗ ಕಂಡದ್ದೂ ಇಂಥದ್ದೇ ಧಾರೆ. ಸ್ಪಂಜು ಸಸ್ಯವೋ ಪ್ರಾಣಿಯೋ ಎಂಬ ಹಳೆಯ ಜಗಳದಲ್ಲಿ ಪ್ರಾಣಿಯ ಕಡೆಗೆ ತಕ್ಕಡಿ ವಾಲಿಸಿದ್ದು ಆ ನೋಟ. ಸ್ಪಂಜುಗಳ ಗುಂಪಿಗೆ ಪೊರಿಫೆರಾ ಎಂಬ ಹೆಸರೂ ಅವರದ್ದೇ.

ಹಾಗೆ ನೋಡಿದ ಮೇಲೂ ಅನುಮಾನ ಉಳಿದರೆ ಬ್ಲೀಚ್ ಇದೆ. ಅಕ್ಕಿಕಾಳಿನಷ್ಟು ತುಣುಕನ್ನು ತೊಟ್ಟಿಯಿಂದ ದೂರ ಒಯ್ದು, ಗಾಜಿನ ಪಟ್ಟಿಯ ಮೇಲೆ ಬ್ಲೀಚ್ ಹನಿಯಲ್ಲಿ ಬಿಟ್ಟರೆ ಮಾಂಸವೆಲ್ಲ ಕರಗಿ ಮುಳ್ಳುಗಳು ಮಾತ್ರ ಉಳಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಗಾಜಿನ ಸೂಜಿಯಂಥವು, ಗುಂಡುಪಿನ್ನಿನಂಥವು, ಕವಲೊಡೆದವು ಕಂಡರೆ ಸ್ಪಂಜು. ಸಣ್ಣ ಸಣ್ಣ ನಕ್ಷತ್ರದುಂಡೆಗಳೇ ರಾಶಿಯಾಗಿದ್ದು, ಬ್ಲೀಚನ್ನು ನೀರಿನಿಂದ ಪೂರ್ತಿ ತೊಳೆದ ಮೇಲೆ (ಎರಡೂ ಬೆರೆತರೆ ವಿಷಾನಿಲ ಏಳುತ್ತದೆ) ಒಂದು ಹನಿ ವಿನೆಗರ್ ಹಾಕಿದಾಗ ಕರಗಿ ಹೋದರೆ ಡೈಡೆಮ್ನಿಡ್ ಜಾತಿಯ ಟ್ಯೂನಿಕೇಟ್ ಇರುವ ಸಂಭವ ಹೆಚ್ಚು. ಅವುಗಳ ನಕ್ಷತ್ರ ಸುಣ್ಣದ್ದು. ಕೆಲವು ಸ್ಪಂಜುಗಳಿಗೆ ಮುಳ್ಳೇ ಇರುವುದಿಲ್ಲ. ಆದ್ದರಿಂದ ಏನೂ ಉಳಿಯದಿದ್ದರೆ ಏನೂ ಸಾಬೀತಾಗಲಿಲ್ಲ ಎಂದೇ ಲೆಕ್ಕ.

ಬ್ರಯೋಜೋವನ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಭೂತಗನ್ನಡಿ ಹಿಡಿದರೆ ತಾವೇ ಗುರುತು ಹೇಳಿಕೊಳ್ಳುತ್ತವೆ: ಜೇನುಹಲ್ಲೆಯ ಹಾಗೆ ಒಂದೇ ಅಳತೆಯ ಕೋಣೆಗಳ ಸಾಲು, ಒಂದೊಂದೂ ಒಂದು ಮಿಲಿಮೀಟರಿಗಿಂತ ಚಿಕ್ಕದು. ಕಾಟ ಕೊಡುವುದಿಲ್ಲ. ಗಾಜಿನ ಮೇಲಿನ ಸುರುಳಿ ಸುತ್ತಿದ ಬಿಳಿ ಚುಕ್ಕೆಗಳು ಸ್ಪೈರಾರ್ಬಿಡ್ ಹುಳುಗಳ ಕೊಳವೆ, ಅವೂ ಸಾಧು. ಆದರೆ ಕಲ್ಲಿನ ಕೆಳಬದಿಯಲ್ಲಿ ಕೆಲವೇ ಮಿಲಿಮೀಟರಿನ ಗಾಢ ಕೆಂಪು ಗಂಟುಗಳು ಕಂಡರೆ ಸ್ವಲ್ಪ ಹೊತ್ತು ನಿಲ್ಲಿ. ಹೋಮೋಟ್ರೀಮಾ ಎಂಬ ಫೊರಾಮಿನಿಫೆರಾ ಅದಾಗಿರಬಹುದು. ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ಸುಣ್ಣದ ಮನೆ ಕಟ್ಟಿಕೊಂಡದ್ದು ಒಂದೇ ಒಂದು ಜೀವಕೋಶ. ಬರ್ಮುಡಾದ ಕಡಲತೀರದ ಮರಳು ಗುಲಾಬಿಯಾಗಿರುವುದು ಇವುಗಳ ಚಿಪ್ಪು ಒಡೆದು ಬೆರೆತದ್ದರಿಂದ. ಇದನ್ನು ಸತ್ತ ಹವಳದ ಬೊಕ್ಕೆ ಎಂದುಕೊಂಡು ಬ್ರಷ್ ಹಾಕಿ ಉಜ್ಜುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಅಂಚಿನ ಮೇಲೆ ನನಗೆ ಇಷ್ಟೊಂದು ಭರವಸೆ ಬರಲು ಇನ್ನೊಂದು ಕಾರಣ ಜೀವವಿಜ್ಞಾನಿಗಳಾದ ಜೆರೆಮಿ ಜಾಕ್ಸನ್ ಮತ್ತು ಲಿಯೋ ಬಸ್ 1970ರ ದಶಕದಲ್ಲಿ ಮಾಡಿದ ಕೆಲಸ. ಹವಳದ ತಟ್ಟೆಗಳ ಕತ್ತಲು ಬದಿಯಲ್ಲಿ ಸ್ಪಂಜು, ಬ್ರಯೋಜೋವನ್, ಟ್ಯೂನಿಕೇಟುಗಳು ಜಾಗಕ್ಕಾಗಿ ಹೇಗೆ ಕಾದಾಡುತ್ತವೆ ಎಂದು ಅವರು ನೋಡಿದ್ದು ಇದೇ ಗಡಿಗಳನ್ನು. ಯಾರು ಯಾರ ಮೇಲೆ ಹತ್ತಿದ್ದಾರೆ ಎಂದು ಬರೆದುಕೊಂಡು ಹೋದರೆ ಒಂದು ಏಣಿ ಸಿಗಬೇಕಿತ್ತು, ಮೇಲೆ ಗೆದ್ದವರು, ಕೆಳಗೆ ಸೋತವರು. ಎಲ್ಲೆಡೆ ಹಾಗಾಗಲಿಲ್ಲ. ಒಂದನೆಯದು ಎರಡನೆಯದನ್ನು ಮುಚ್ಚುತ್ತದೆ, ಎರಡನೆಯದು ಮೂರನೆಯದನ್ನು, ಮೂರನೆಯದು ತಿರುಗಿ ಒಂದನೆಯದನ್ನೇ ಮುಚ್ಚುತ್ತದೆ. ಹೀಗೆ ಚಕ್ರವಾಗಿರುವುದರಿಂದಲೇ ಒಬ್ಬನೇ ಎಲ್ಲ ಜಾಗ ನುಂಗದೆ ಇಷ್ಟೊಂದು ಬಗೆಯವು ಒಟ್ಟಿಗೆ ಉಳಿಯಬಹುದು ಎಂಬುದು ಅವರ ವಾದ. ತೊಟ್ಟಿಯ ಕಲ್ಲಿಗೂ ಇದು ಒಪ್ಪುತ್ತದೆ. ಕೋರಲೈನನ್ನು ನುಂಗುತ್ತಿದೆ ಎಂಬ ಕಾರಣಕ್ಕೆ ಒಂದು ಸ್ಪಂಜು ಹವಳವನ್ನೂ ನುಂಗಿಯೇ ತೀರುತ್ತದೆ ಎಂದು ಹೇಳಲಾಗದು. ಪ್ರತಿ ಗಡಿಯನ್ನೂ ಬೇರೆಯಾಗಿಯೇ ನೋಡಬೇಕು.

ಒಂದೇ ಜಾತಿಯ ಎರಡು ಹಾಸುಗಳು ಎದುರಾದಾಗಲೂ ಸ್ವಾರಸ್ಯವಿದೆ. ಬಾಟ್ರಿಲ್ಲಸ್ ಎಂಬ ಟ್ಯೂನಿಕೇಟಿನಲ್ಲಿ ಸಣ್ಣ ಜೀವಿಗಳು ನಕ್ಷತ್ರದ ಎಸಳಿನಂತೆ ಒಂದು ಸಾಮಾನ್ಯ ತೂತಿನ ಸುತ್ತ ಕೂತಿರುತ್ತವೆ. ಹತ್ತಿರದ ಸಂಬಂಧಿಗಳ ಹಾಸುಗಳು ತಾಗಿದರೆ ರಕ್ತನಾಳ ಬೆಸೆದು ಒಂದೇ ಆಗಿಬಿಡುವುದುಂಟು. ಹೊಂದದಿದ್ದರೆ ನಡುವೆ ಸತ್ತ ಅಂಗಾಂಶದ ಕಪ್ಪು ಗೆರೆ. ಇದು ವಂಶವಾಹಿಗಳ ಹೊಂದಾಣಿಕೆಯ ಮೇಲೆ ನಿಂತಿದೆ ಎಂಬುದನ್ನು ಜಪಾನಿನ ಓಕಾ ಮತ್ತು ವಾತನಾಬೆ 1950ರ ದಶಕದಲ್ಲೇ ತೋರಿಸಿದ್ದರು. ನಿಮ್ಮ ಕಲ್ಲಿನ ಮೇಲೆ ಒಂದೇ ಬಣ್ಣದ ಎರಡು ಮೆತ್ತನೆ ಹಾಸುಗಳ ನಡುವೆ ಅಂಥ ಗೆರೆ ಇದ್ದರೆ ರೋಗವೆಂದು ಗಾಬರಿಯಾಗುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಫೋಟೊ ತೆಗೆದು ಇನ್ನೊಬ್ಬರಿಗೆ ತೋರಿಸುವುದಾದರೆ ನನ್ನದೊಂದು ತಕರಾರು. ಹೆಚ್ಚಿನ ಫೋಟೊಗಳಲ್ಲಿ ಹಕ್ಕಳೆಯ ನಟ್ಟನಡುವೆ ಫೋಕಸ್, ನೀಲಿ ಬೆಳಕು, ಅಳತೆಗೆ ಏನೂ ಇಲ್ಲ. ಬಿಳಿ ಬೆಳಕು ಹಾಕಿ, ಪಂಪು ನಿಲ್ಲಿಸಿ, ಗಾಜಿಗೆ ನೇರವಾಗಿ ಕ್ಯಾಮೆರಾ ಹಿಡಿದು ಅಂಚಿನ ಫೋಟೊ ತೆಗೆಯಿರಿ. ಮೂರು ವಾರ ಬಿಟ್ಟು ಅದೇ ಅಂಚನ್ನು ಇನ್ನೊಮ್ಮೆ. ಪಕ್ಕದಲ್ಲಿ ಅಲ್ಲಾಡದ ಒಂದು ಗುರುತು ಇರಲಿ, ಹಳೆಯ ಕೊಳವೆಯೋ ಕಲ್ಲಿನ ಬಿರುಕೋ. ರಾತ್ರಿ ಕೆಂಪು ಟಾರ್ಚಿನಲ್ಲಿ ಒಂದು ಫೋಟೊ ಸಿಕ್ಕರೆ ಇನ್ನೂ ಒಳ್ಳೆಯದು. ಹಗಲಿಡೀ ಬೋಳು ಸಿಮೆಂಟಿನಂತೆ ಕಾಣುವ ಎಷ್ಟೋ ಹಕ್ಕಳೆ ಹವಳಗಳು ಪಾಲಿಪ್ ಬಿಚ್ಚುವುದು ದೀಪ ಆರಿದ ಮೇಲೆ.

ಕೆರೆದು ನೋಡುವ ಚಪಲದವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕಂದು ಬಣ್ಣದ ತೊಗಲಿನಂಥ ಹಾಸಿನಿಂದ ಗುಂಡಿಗಳಂಥ ಪಾಲಿಪ್‌ಗಳು ಎದ್ದಿದ್ದರೆ ಅದು ಹವಳದ ದೂರದ ಬಂಧುವಾದ ಪ್ಯಾಲಿಥೋವಾ ಇರಬಹುದು. ಅದರಲ್ಲಿ ಸಿಗುವ ಪ್ಯಾಲಿಟಾಕ್ಸಿನ್ ಅತ್ಯುಗ್ರ ವಿಷಗಳಲ್ಲೊಂದು, ಹವಾಯಿಯ ಪ್ರಭೇದದಿಂದ ಅದನ್ನು ಬೇರ್ಪಡಿಸಿದ್ದು 1971ರಲ್ಲಿ. ಕುದಿಸಿದರೆ ನಾಶವಾಗುವುದಿಲ್ಲ. ಕಲ್ಲು ಶುಚಿ ಮಾಡಲೆಂದು ಬಿಸಿನೀರು ಸುರಿದು, ಕುದಿಸಿ, ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಗುರುತು ಸಿಗದ ಕಲ್ಲನ್ನು ಕುದಿಸುವುದಂತೂ ಬೇಡವೇ ಬೇಡ. ಮುಟ್ಟುವುದಾದರೆ ಕೈಗವಸು, ಕಣ್ಣಿಗೆ ಕನ್ನಡಕ, ಒಣಗಿಸಿ ಉಜ್ಜುವ ಬದಲು ನೀರಿನೊಳಗೇ ಕೆಲಸ.

ಸ್ಪಂಜನ್ನು ಕೆರೆಯುವುದರಲ್ಲಿ ವಿಷದ ಭಯ ಅಷ್ಟಿಲ್ಲದಿದ್ದರೂ ಲಾಭವೂ ಕಡಿಮೆ. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಚ್. ವಿ. ವಿಲ್ಸನ್ 1907ರಲ್ಲಿ ಒಂದು ಸ್ಪಂಜನ್ನು ಸಣ್ಣ ಕಣ್ಣಿನ ಬಟ್ಟೆಯಲ್ಲಿ ಹಿಂಡಿ ಬಿಡಿಬಿಡಿ ಜೀವಕೋಶ ಮಾಡಿದರು. ಅವು ನೀರಿನಲ್ಲಿ ಹರಿದಾಡಿ ಮತ್ತೆ ಒಂದುಗೂಡಿ ಸ್ಪಂಜಾದವು. ಬ್ರಷ್ಷಿನಿಂದ ಉಜ್ಜಿ ಪಂಪಿನ ಓಟಕ್ಕೆ ಬಿಟ್ಟರೆ ನಾವೇ ಬಿತ್ತನೆ ಮಾಡಿದಂತೆ. ಬೂದು-ನೀಲಿ ಬಣ್ಣದ, ಬೆಳಕಿನಲ್ಲೂ ಹಬ್ಬುವ ಸ್ಪಂಜೊಂದು ಅನೇಕ ತೊಟ್ಟಿಗಳಲ್ಲಿ ಹೀಗೇ ಮೂಲೆಮೂಲೆಗೆ ಹೋಗಿರುವುದನ್ನು ನೋಡಿದ್ದೇನೆ.

ಇನ್ನು ಹೆಸರಿನ ಪ್ರಶ್ನೆ. ಕೋರಲೈನ್‌ನ ಪ್ರಭೇದ ಹೇಳಲು ತೆಳು ಸೀಳು ಮಾಡಿ ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳ ಜೋಡಣೆ ನೋಡಬೇಕು, ಈಗಂತೂ ಡಿಎನ್‌ಎ ಇಲ್ಲದೆ ತಜ್ಞರೂ ಬಾಯಿ ಬಿಡುವುದಿಲ್ಲ. ಸ್ಪಂಜಿನ ಕತೆಯೂ ಅದೇ. ಫೋಟೊ ನೋಡಿ ಪೂರ್ತಿ ಲ್ಯಾಟಿನ್ ಹೆಸರನ್ನು ಠಸಕ್ಕೆಂದು ಹೇಳುವವರ ಬಗ್ಗೆ ನನಗೆ ಗೌರವಕ್ಕಿಂತ ಗುಮಾನಿ ಹೆಚ್ಚು. ‘ಸ್ಪಂಜು, ಹಬ್ಬುವ ಬಗೆಯದು’ ಎಂಬಲ್ಲಿಗೆ ನಾನು ನಿಲ್ಲಿಸುತ್ತೇನೆ.

ತೆಗೆಯುವ ನಿರ್ಧಾರಕ್ಕೆ ಅಷ್ಟು ಸಾಕಾಗುತ್ತದೆ. ಅಂಚು ಹವಳದಿಂದ ದೂರವಿದ್ದರೆ ಬಿಟ್ಟುಬಿಡುತ್ತೇನೆ. ಕಲ್ಲು ಅವರದೂ ಹೌದು. ಹವಳದ ಬುಡಕ್ಕೆ ತಾಗಿ ನಿಂತಿದ್ದರೆ ಇನ್ನೊಂದು ಫೋಟೊದ ತನಕ ಕಾಯುತ್ತೇನೆ. ಹವಳದ ಮೇಲೆ ಹತ್ತಿದ್ದರೆ ಕೆರೆಯಲು ಹೋಗದೆ, ಆ ಹವಳವನ್ನು ಬುಡಸಮೇತ ಕತ್ತರಿಸಿ ಬೇರೆ ಕಲ್ಲಿಗೆ ಅಂಟಿಸುತ್ತೇನೆ. ಹಕ್ಕಳೆ ಇರುವ ಕಲ್ಲು ಚಿಕ್ಕದಾದರೆ ಕಲ್ಲೇ ಹೊರಗೆ. ಹಿಂಬದಿ ಗಾಜಿನ ಆ ಬೂದು-ಹಳದಿ ಹಾಸು ಈ ತಿಂಗಳು ಒಂದು ಸ್ಪೈರಾರ್ಬಿಡ್ ಕೊಳವೆಯನ್ನು ಸುತ್ತುವರಿದಿದೆ, ಮುಚ್ಚಿಲ್ಲ. ಹುಳು ಇನ್ನೂ ಗರಿ ಬಿಚ್ಚುತ್ತಿದೆ. ಅದರಾಚೆ ಎರಡು ಬೆರಳು ದೂರದಲ್ಲಿ ಕೋರಲೈನ್‌ನ ಬಿಳಿ ಅಂಚು ಇತ್ತ ಬರುತ್ತಿದೆ, ಇಬ್ಬರಲ್ಲಿ ಯಾರು ಮೇಲಾಗುತ್ತಾರೋ ನೋಡಬೇಕು.